ಕಾಣೆಯಾದವನಿಗೆ ಹಾರ

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ನಿಂತು ಒಂದು ವಾರ ಕರಪತ್ರ ಹಂಚಿದೆವು. ಯಾರೂ ಬೇಡ ಅನ್ನಲಿಲ್ಲ. ತೆಗೆದುಕೊಂಡರು, ಮಡಚಿದರು, ಕೆಲವರು ಅದರಲ್ಲೇ ಬೋಂಡಾದ ಎಣ್ಣೆ ಒರೆಸಿಕೊಂಡರು. ಬಸ್ಸುಗಳು ಹೊರಟ ಮೇಲೆ ರಸ್ತೆಯ ತುಂಬ ನಮ್ಮದೇ ಕಾಗದ.

ಆ ಕಾಗದದಲ್ಲಿ ಇದ್ದದ್ದು ಹೊರದೇಶದ ಒಬ್ಬ ಮನುಷ್ಯನ ವಿಷಯ. ದೇಶದ ಹೆಸರು ಬರೆಯುವುದಿಲ್ಲ. ಅವನ ಹೆಂಡತಿ ಹಾಗೆ ಕೇಳಿಕೊಂಡಿದ್ದಾರೆ. ಅವನು ಅಲ್ಲಿನ ಗಣಿ ಜಿಲ್ಲೆಯೊಂದರಲ್ಲಿ ಶಾಲಾ ಬಸ್ಸಿನ ಚಾಲಕ. ಗಣಿಯ ಕೆಸರು ಸೇರಿ ಹೊಳೆ ಕೆಟ್ಟಾಗ ಬಾಟಲಿಗಳಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸತೊಡಗಿದ. ಸರ್ಕಾರಿ ಪ್ರಯೋಗಾಲಯದ ವರದಿಯಲ್ಲೂ ಕಂಪನಿ ತಾನೇ ಬರೆಸಿಕೊಂಡ ವರದಿಯಲ್ಲೂ ಅವೇ ವಾಕ್ಯಗಳು, ಅವೇ ತಪ್ಪುಗಳು ಇದ್ದವು. ಎರಡನ್ನೂ ಊರ ಸಭೆಯಲ್ಲಿ ಪಕ್ಕಪಕ್ಕ ಇಟ್ಟು ಓದಿದ. ಆಮೇಲೆ ಅವನ ಜೊತೆಗಾರರಲ್ಲಿ ಒಬ್ಬನ ಎರಡೂ ಕೈ ಮುರಿದರು. ಒಬ್ಬಳನ್ನು ಜೈಲಿಗೆ ಹಾಕಿದರು. ಇವನನ್ನು ತಪಾಸಣಾ ಗೇಟಿನ ಬಳಿ ಬಸ್ಸಿನಿಂದ ಇಳಿಸಿ ಕರೆದೊಯ್ದರು. ನೋಡಿದವರ ಪ್ರಕಾರ ಸಮವಸ್ತ್ರ ಪೊಲೀಸರದ್ದು, ಜೀಪು ಕಂಪನಿಯದ್ದು. ಆ ಗಣಿಯ ಲೋಹ ಬರುವ ಕಾರ್ಖಾನೆಗಳಲ್ಲಿ ಒಂದು ನಾವು ನಿಂತಿದ್ದ ರಸ್ತೆಯಲ್ಲೇ ಇದೆ.

ನಮ್ಮದು ಪುಟ್ಟ ಸಂಸ್ಥೆ. ಹೆಬ್ಬಗೋಡಿಯಲ್ಲಿ ಬೇಕರಿಯ ಮೇಲೆ ಒಂದು ಕೋಣೆ. ಸಂಯೋಜಕಿ ಗಾರ್ಮೆಂಟ್ಸ್ ಯೂನಿಯನ್ನಿನಲ್ಲಿ ಬೆಳೆದವರು, ಜನರ ಜೊತೆ ಮಾತು ಅವರದು. ಬರವಣಿಗೆ, ಹೊರದೇಶದವರ ಜೊತೆಗಿನ ಸಂಪರ್ಕ ನನ್ನದು. ಕರಪತ್ರ ಬರೆದವನು ನಾನೇ ಆದ್ದರಿಂದ, ಒಬ್ಬ ಕಾರ್ಮಿಕ ಅದನ್ನು ವಾಪಸು ಕೊಟ್ಟಾಗ ಮಾತು ನನಗೇ ತಗುಲಿತು.

"ಸಾರ್, ನಮ್ ಸೂಪರ್‌ವೈಸರ್ ಕಾಟಾನೇ ನಮಗೆ ಸಾಕಾಗೈತೆ. ಆ ದೇಶ ಎಲ್ಲೈತೆ ಅಂತ ಮ್ಯಾಪಲ್ಲಿ ಹುಡುಕೋಕೆ ಡಾಟಾನೂ ನಾನೇ ಹಾಕ್ಬೇಕಾ?"

ಜೊತೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಅದೇ ನಿಲ್ದಾಣದಲ್ಲಿ ಜನ ಓದುತ್ತಿದ್ದದ್ದು ಬೇರೆ ಒಂದಿತ್ತು. ತಿರುವಿನಲ್ಲಿ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸ್. ಈ ಕಡೆಯ ಹಳೆಯ ಊರಿನವರ ಮನೆಯಲ್ಲಿ ಸಾವಾದರೆ ಸಂಜೆಯೊಳಗೆ ಫ್ಲೆಕ್ಸ್ ಏಳುತ್ತದೆ: ನಡುವೆ ಹಾರ ಹಾಕಿದ ಫೋಟೋ, ಎರಡೂ ಬದಿ ದೀಪ, ಕೆಳಗೆ ಹುಟ್ಟಿದ ದಿನ, ಹೋದ ದಿನ. ಬಸ್ಸಿಗೆ ಕಾಯುವವರು, ಊರಿಗೆ ಸಂಬಂಧವೇ ಇಲ್ಲದ ಒಡಿಶಾದ ಹುಡುಗರೂ ಸೇರಿ, ನಿಂತು ನೋಡುತ್ತಾರೆ. ಇನ್ನೊಂದು ಅನುಕೂಲವೂ ಇತ್ತು. ಪುರಸಭೆಯವರು ಹುಟ್ಟುಹಬ್ಬದ ಫ್ಲೆಕ್ಸ್ ಕೀಳುತ್ತಾರೆ, ಪಿ.ಜಿ. ಜಾಹೀರಾತು ಕೀಳುತ್ತಾರೆ, ಹನ್ನೊಂದನೇ ದಿನದ ಕಾರ್ಯ ಮುಗಿಯುವ ತನಕ ಸತ್ತವರ ಫ್ಲೆಕ್ಸಿಗೆ ಯಾರೂ ಕೈ ಹಚ್ಚುವುದಿಲ್ಲ.

"ನಮ್ಮವನದೂ ಅದೇ ಥರ ಒಂದು ಹಾಕಿಸಿದ್ರೆ?" ಎಂದವರು ಸಂಯೋಜಕಿ. ಹಾಗೆಂದದ್ದು ನಾನು ಎಂದು ಅವರು ಹೇಳುತ್ತಾರೆ.

ಫ್ಲೆಕ್ಸ್ ಅಂಗಡಿಯವನು ಅಲ್ಲಿಯ ಹಳೆಯ ಮನೆತನದವನು. ಹೊಲವಿದ್ದ ಜಾಗದಲ್ಲೀಗ ಅವನದೇ ಬಾಡಿಗೆ ಕಟ್ಟಡ, ಅದರ ಕೆಳಗೆ ಅಂಗಡಿ. ಕಾರ್ಯಕರ್ತರೆಂದರೆ ಅವನಿಗೆ ಚುನಾವಣೆಗೆ ಬರುವವರು ಮಾತ್ರ.

"ಯಾವ್ ಪಾರ್ಟಿ ಸಾರ್?"

"ಪಾರ್ಟಿ ಅಲ್ಲ."

"ಅಯ್ಯೋ, ಎಲ್ಲಾರೂ ಇಂಗೇ ಏಳೋದು. ಇರ್ಲಿ, ಎಸ್ರು, ಜನನ, ಮರಣ ಕಳ್ಸಿ."

"ಮರಣ ಇಲ್ಲ ಕಣ್ರೀ. ಕಾಣೆಯಾಗಿದ್ದಾನೆ."

"ಸರಿ, ಕಾಣೆಯಾದ ಡೇಟ್ ಆಕಣ. ಡಿಸೈನು?"

"ಶ್ರದ್ಧಾಂಜಲಿ ಫ್ಲೆಕ್ಸ್ ಥರಾನೇ ಇರ್ಲಿ. ಜನ ನಿಂತು ನೋಡ್ಬೇಕು."

ಇಲ್ಲಿಯವರೆಗೆ ನನಗೂ ಅವನಿಗೂ ಒಂದೇ ನೆನಪು. ಇದರ ಮುಂದೆ ನಾನು "ಆದ್ರೆ ಹಾರ ಬೇಡ" ಎಂದದ್ದು ನನ್ನ ನೆನಪಿನಲ್ಲಿದೆ, ಅವನ ನೆನಪಿನಲ್ಲಿಲ್ಲ. ಮಾದರಿಯನ್ನು ಅವನು ಫೋನಿಗೆ ಕಳಿಸಿದ. ನಾನು ಬಸ್ಸಿನಲ್ಲಿ ನಿಂತು ನೋಡಿ ಸರಿ ಎಂದೆ. ನೋಡಿದ್ದರಲ್ಲಿ ಹಾರ ಇರಲಿಲ್ಲ ಎಂದು ಅನ್ನಿಸುತ್ತದೆ. ಪರೀಕ್ಷಿಸುವ ದಾರಿಯಿಲ್ಲ. ಹೊರದೇಶದವರ ಸುರಕ್ಷತೆಗೆಂದು ನಮ್ಮ ಫೋನುಗಳಲ್ಲಿ ಎಲ್ಲ ಸಂದೇಶಗಳೂ ಮಾರನೆಯ ದಿನ ತಾವೇ ಅಳಿದುಹೋಗುವ ಹಾಗೆ ಮಾಡಿಕೊಂಡಿದ್ದೆವು. ಅಂಗಡಿಯವನ ಕಂಪ್ಯೂಟರಿನಲ್ಲಿ ಶ್ರದ್ಧಾಂಜಲಿಗೆ ಇರುವುದು ಒಂದೇ ಫೈಲು. ಫೋಟೋ, ಹೆಸರು ತೆಗೆದು ಮುಂದಿನವರದು ಕೂರಿಸುತ್ತಾನೆ. ನಾನು ಹೋಗಿ ಕೇಳಿದಾಗ ಆ ಹಾರದೊಳಗೆ ಚಂದಾಪುರದ ಯಾವುದೋ ಅಜ್ಜಿ ಕೂತಿದ್ದರು.

ಫ್ಲೆಕ್ಸ್ ಕಟ್ಟಿದ ಬೆಳಿಗ್ಗೆ ನಾನು ಪೀಣ್ಯದಲ್ಲಿ ಸಭೆಯಲ್ಲಿದ್ದೆ. ಮಧ್ಯಾಹ್ನ ಬಂದು ನೋಡಿದರೆ, ಮೇಲೆ ನಾವು ಕೊಟ್ಟ ಸಾಲು ಸರಿಯಾಗಿಯೇ ಇತ್ತು: ಇವನು ಎಲ್ಲಿದ್ದಾನೆ? ಕೆಳಗೆ ಹೊಳೆಯ ವಿಷಯ, ಜೀಪಿನ ವಿಷಯ, ನಮ್ಮ ರಸ್ತೆಗೆ ಬರುವ ಲೋಹದ ವಿಷಯ. ನಡುವೆ ಅವನ ಫೋಟೋ. ಫೋಟೋದ ಸುತ್ತ ಗುಲಾಬಿ, ಸುಗಂಧರಾಜದ ದಪ್ಪ ಹಾರ, ಅತ್ತ ಒಂದು ದೀಪ, ಇತ್ತ ಒಂದು ದೀಪ.

ಅದರ ಮುಂದೆ ಜನ ನಿಂತಿದ್ದರು. ಕರಪತ್ರ ಕೊಟ್ಟ ವಾರದಲ್ಲಿ ನಾನು ನೋಡದ ನೋಟ ಅದು.

"ಯಾರ್ ಗುರು ಇದು, ನಮ್ ಪ್ಲಾಂಟಿನವ್ನಾ?"

"ಅಲ್ಲ ಮಚ್ಚಾ, ಓದು ಕೆಳ್ಗಡೆ. ನಮ್ ಪ್ಲಾಂಟಿಗೆ ಮಾಲು ಬರತ್ತಲ್ಲ, ಅಲ್ಲಿಯವ್ನು."

ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬರು ಡಬ್ಬಿಯ ಚೀಲ ಕೆಳಗಿಟ್ಟು ಪೂರ್ತಿ ಓದಿದರು. ನನ್ನ ಕಡೆ ತಿರುಗಿ, "ಹೆಂಡ್ರು ಮಕ್ಳು ಅವ್ರಾ ಸಾರ್? ತಿಥಿ ಯಾವತ್ತು?" ಎಂದರು.

"ಸತ್ತಿಲ್ಲ ಅಕ್ಕ, ಎಲ್ಲಿದ್ದಾನೆ ಅಂತ ಗೊತ್ತಿಲ್ಲ."

"ಅದೂ ಒಂದೇ, ಇದೂ ಒಂದೇ ಬಿಡಿ," ಎಂದು ಅವರು ಬಸ್ಸು ಹತ್ತಿದರು.

ತಕ್ಷಣ ಇಳಿಸಬೇಕು ಎಂದು ನಾನು ಸಂಯೋಜಕಿಗೆ ಹೇಳಿದೆ. ಅವರು ಜನರನ್ನು ತೋರಿಸಿದರು. "ಇವರು ಓದ್ತಾ ಇದಾರೆ ಕಣ್ರೀ. ಬರೀ ಹಾರ ತಾನೇ? ಶನಿವಾರದ ತನಕ ಇರ್ಲಿ." ನಾನು ವಾದಿಸಲಿಲ್ಲ. ನನಗೂ ಆ ಗುಂಪು ಬೇಕಾಗಿತ್ತು.

ಶನಿವಾರದೊಳಗೆ ಅದರ ಫೋಟೋ ಸಮುದ್ರ ದಾಟಿತು. ಯಾರು ತೆಗೆದರೋ ತಿಳಿಯದು. ನಮ್ಮ ರಸ್ತೆಯ ಆ ಕಾರ್ಖಾನೆಗೆ ಹೊರದೇಶದ ಎಂಜಿನಿಯರುಗಳು ಬಂದುಹೋಗುತ್ತಿರುತ್ತಾರೆ. ಅವನ ದೇಶದಲ್ಲಿ ಹೆಂಡತಿ ನ್ಯಾಯಾಲಯದಲ್ಲಿ ಒಂದು ಅರ್ಜಿ ಹಾಕಿದ್ದರು: ಗಂಡನನ್ನು ಹಿಡಿದವರು ಹಾಜರುಪಡಿಸಲಿ, ಗಣಿಯ ಬೇಲಿಯೊಳಗಿನ ಕಾವಲು ಕಟ್ಟಡಗಳನ್ನು ಶೋಧಿಸಲು ಆದೇಶ ಸಿಗಲಿ. ಆ ಅರ್ಜಿ ನಿಲ್ಲುವುದು ಅವನು ಬದುಕಿದ್ದಾನೆ ಎಂಬ ನೆಲೆಯ ಮೇಲೆ. ಸತ್ತನೆಂದು ಒಪ್ಪಿಬಿಟ್ಟರೆ ಅದು ಕಾರಣ ತಿಳಿಯದ ಸಾವಿನ ಪ್ರಕರಣವಾಗಿ ಜಿಲ್ಲಾ ಪೊಲೀಸರ ಕೈಗೆ ಹೋಗುತ್ತದೆ; ಎಂದರೆ ಹಿಡಿದವರ ಕೈಗೇ. ಸರ್ಕಾರದ ವಕೀಲ ನಮ್ಮ ಫ್ಲೆಕ್ಸಿನ ಫೋಟೋ ಮುಂದಿಟ್ಟು, ಹಾರಕ್ಕೂ ದೀಪಕ್ಕೂ ಭಾರತದಲ್ಲಿ ಏನರ್ಥ ಎಂದು ಒಬ್ಬ ಪ್ರಾಧ್ಯಾಪಕನಿಂದ ಬರೆಸಿಕೊಂಡು ಬಂದಿದ್ದ. ಅವನ ವಾದ ಸರಳ. ಇವನ ಬೆಂಬಲಿಗರೇ ಗೌರವ ಸಲ್ಲಿಸಿದ್ದಾರೆ, ಇವರಿಗೆ ಸಾವಿನ ಸುದ್ದಿ ತಲುಪಿದೆ, ನ್ಯಾಯಾಲಯದಿಂದ ಮುಚ್ಚಿಟ್ಟಿದ್ದಾರೆ.

ಇದನ್ನೆಲ್ಲ ಹೆಂಡತಿಯ ವಕೀಲೆ ಫೋನಿನಲ್ಲಿ ಹೇಳಿದರು. ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು.

ಫ್ಲೆಕ್ಸ್ ಬಿಚ್ಚಲು ಹೋದಾಗ ಪಕ್ಕದ ಟೀ ಅಂಗಡಿಯವನು ತಡೆದ. "ಅನ್ನೊಂದ್ ದಿನ ಆಗ್ದೆ ಕೀಳ್ತೀರಾ? ಸತ್ತೋರ್ದು ಅಂಗೆಲ್ಲ ಮುಟ್ಬಾರ್ದು ಸಾರ್."

"ಸತ್ತಿಲ್ಲ ಅಣ್ಣ ಇವನು."

"ಮತ್ತೆ ಆರ ಯಾಕಾಕ್ಸುದ್ರಿ?"

ನಾಲ್ಕು ಜನ ಸೇರಿದರು. ಬದುಕಿರುವವನಿಗೆ ಹಾರ ಹಾಕಿದ್ದು ಯಾರು ಎಂದು ಈಗ ಅವರಿಗೇ ಸಿಟ್ಟು. ಒಬ್ಬ ಕತ್ತರಿ ತಂದುಕೊಟ್ಟ, ಇನ್ನೊಬ್ಬ ಫ್ಲೆಕ್ಸಿನ ಮರದ ರೀಪರು ಹಿಡಿದ. ಬಿಚ್ಚಿದ ಮೇಲೆ ಟೀ ಅಂಗಡಿಯವನು ಒಂದು ಲೋಟ ನೀರನ್ನು ಆ ಕಂಬದ ಬುಡಕ್ಕೆ ಸುರಿದ. ಅಪಶಕುನ ಕಳೆಯಲಿ ಎಂದಿರಬೇಕು.

ವಕೀಲೆಗೆ ಬೇಕಾಗಿದ್ದದ್ದು ನನ್ನ ಸಹಿಯ ಪ್ರಮಾಣಪತ್ರ, ಅಂದರೆ ಅಫಿಡವಿಟ್. ಎರಡು ವಿಷಯ ಅದರಲ್ಲಿ ಇರಬೇಕು ಎಂದರು. ಒಂದು, ಹಾರ ಹೇಗೆ ಬಂತು. ಇನ್ನೊಂದು ವಾಕ್ಯವನ್ನು ಅವರೇ ಬರೆದು ಕಳಿಸಿದರು: ಅವನ ಸಾವಿನ ಬಗ್ಗೆ ನನಗೆ ಯಾರಿಂದಲೂ, ಯಾವ ರೂಪದಲ್ಲೂ ಮಾಹಿತಿ ಬಂದಿಲ್ಲ.

ಮೊದಲನೆಯದು ಸುಲಭವಾಯಿತು. ಅತ್ತಿಬೆಲೆಯಿಂದ ಸಿಂಗಸಂದ್ರದ ತನಕ ಹೋಗಿ ಕಣ್ಣಿಗೆ ಬಿದ್ದ ಶ್ರದ್ಧಾಂಜಲಿ ಫ್ಲೆಕ್ಸುಗಳ ಫೋಟೋ ತೆಗೆದೆವು. ಒಂದೇ ಹಾರ, ಒಂದೇ ದೀಪ, ಬಲಗಡೆಯ ದೀಪದ ಕುಡಿ ಎಲ್ಲದರಲ್ಲೂ ಸ್ವಲ್ಪ ಕತ್ತರಿಸಿಹೋಗಿತ್ತು. ಅಂಗಡಿಯವನು ತನ್ನ ಹೇಳಿಕೆ ಕೊಡಲು ಒಪ್ಪಿದ. ಆದರೆ ನನ್ನ ಎದುರೇ ಹೇಳಿದ: "ಆರ ಬ್ಯಾಡ ಅಂದಿದ್ರು ಅಂತ ನಾನು ಬರ್ಯಾಕಿಲ್ಲ ಸಾರ್. ನೀವು ಅನ್ನಲಿಲ್ಲ. ನಿಮ್ಗೆ ಬೇಕಾದ್ರೆ ನೀವು ಬರ್ಕಳಿ, ನಂದು ನಂದೇ." ಹಾಗಾಗಿ ಆ ಜಾಗದಲ್ಲಿ ಇಬ್ಬರ ನೆನಪೂ ಬೇರೆ ಎಂದೇ ಬರೆದೆ. ವಕೀಲೆ ಅದಕ್ಕೆ ಒಪ್ಪಿದರು.

ಕಷ್ಟವಾದದ್ದು ಎರಡನೆಯ ವಾಕ್ಯ.

ಅವನ ಊರಿನಿಂದ ನಮಗೆ ಸುದ್ದಿ ಬರುತ್ತಿದ್ದದ್ದು ಧ್ವನಿ ಸಂದೇಶಗಳಲ್ಲಿ. ಕಳಿಸುತ್ತಿದ್ದವರು ಒಬ್ಬರಲ್ಲ, ಸಂಖ್ಯೆಗಳು ಬದಲಾಗುತ್ತಿದ್ದವು. ಎಲ್ಲರದೂ ಮುರಿದ ಇಂಗ್ಲಿಷು, ಹಿಂದೆ ಗಾಳಿಯ ಸದ್ದು. ಫ್ಲೆಕ್ಸಿಗೆ ಮುಂಚಿನ ದಿನಗಳಲ್ಲಿ ಅಂಥದ್ದೊಂದು ಸಂದೇಶವನ್ನು ನಾನು ಬಸ್ಸಿನಲ್ಲಿ ಕೇಳಿದ್ದೆ ಎಂದು ನೆನಪು. ಅವನನ್ನು ಮುಗಿಸಿಬಿಟ್ಟಿದ್ದಾರೆ, ಹೂತ ಜಾಗ ಕಂಪನಿಯವರಿಗೆ ಗೊತ್ತಿದೆ ಎನ್ನುವ ಅರ್ಥದ ಮಾತು. ಅರ್ಥ ನೆನಪಿದೆ, ಮಾತು ನೆನಪಿಲ್ಲ. ಆಗ ಯಾಕೆ ಯಾರಿಗೂ ಹೇಳಲಿಲ್ಲ? ಹೇಳಿದ್ದೆನೆ? ಸಂಯೋಜಕಿ ಇಲ್ಲವೆಂದರು. ಒಂದು ವೇಳೆ ಕೇಳಿದ್ದು ನಿಜವಾಗಿ, ಸದ್ದಿನಲ್ಲಿ ಪೂರ್ತಿ ತಿಳಿಯದೆ, ಸಂಜೆ ಮತ್ತೆ ಕೇಳೋಣವೆಂದು ಬಿಟ್ಟು, ಅದು ಅಳಿದುಹೋಯಿತೆ? ಅಥವಾ ಹಾರ ನೋಡಿದ ಮೇಲೆ, ವಕೀಲೆಯ ವಾಕ್ಯ ಓದಿದ ಮೇಲೆ, ನನ್ನ ತಲೆಯೇ ಅದನ್ನು ಹುಟ್ಟಿಸಿತೆ?

ವಿಶ್ವವಿದ್ಯಾಲಯದಲ್ಲಿ ಸಾಕ್ಷಿಗಳ ನೆನಪಿನ ಬಗ್ಗೆ ಓದಿದ್ದೆ. ಕೇಳಿದ ಪ್ರಶ್ನೆಯೇ ಉತ್ತರದ ನೆನಪನ್ನು ಕಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಅದರಿಂದ ಈಗ ಸಿಕ್ಕಿದ್ದು ಇಷ್ಟೇ: ಯಾವ ನೆನಪನ್ನೂ ನಂಬಲಾರೆ, ಯಾವುದನ್ನೂ ತಳ್ಳಿಹಾಕಲಾರೆ.

ಅದೇ ಬಸ್ಸಿನಲ್ಲಿ ಮತ್ತೆ ಹೋಗಿ ನೋಡಿದೆ. ಅದೇ ಹೊತ್ತು, ಎಡಗಡೆಯ ಕಿಟಕಿ. ಫೋನು ಕಿವಿಗೆ ಒತ್ತಿಕೊಂಡು ಕೂತೆ. ನೆನಪು ಬಂತು, ಅನುಮಾನವಿಲ್ಲದಷ್ಟು ಸ್ಪಷ್ಟವಾಗಿ: ಬಸ್ಸು ತಿರುವಿನಲ್ಲಿ ನಿಧಾನವಾಗಿದೆ, ಕಿವಿಯಲ್ಲಿ ಆ ಧ್ವನಿ, ಹೊರಗೆ ನಮ್ಮ ಫ್ಲೆಕ್ಸ್, ಅದರ ಮುಂದೆ ಜನ. ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಸಂದೇಶ ಬಂದದ್ದು ಫ್ಲೆಕ್ಸಿಗೆ ಮುಂಚೆಯಾದರೆ ಕಿಟಕಿಯಲ್ಲಿ ಫ್ಲೆಕ್ಸ್ ಇರಲು ಸಾಧ್ಯವಿಲ್ಲ.

ಸಂಯೋಜಕಿಗೆ ಹೇಳಿದೆ. ಅವರು ಬನ್ನು ಮುರಿಯುತ್ತಿದ್ದರು.

"ಅಂದ್ರೆ ಸುಳ್ಳು ನೆನಪು ಅಂತಾಯ್ತಲ್ಲ? ಸೈನ್ ಹಾಕಿ."

"ಅರ್ಧ ಸುಳ್ಳು. ಕಿಟಕಿ ಆಮೇಲೆ ಸೇರಿಕೊಂಡಿರಬಹುದು. ಧ್ವನಿ ನಿಜ ಇರಬಹುದು."

"ಅರ್ಧಕ್ಕೆ ಕೋರ್ಟಲ್ಲಿ ಜಾಗ ಇಲ್ಲ ಕಣ್ರೀ. ನಿಮ್ಮ ಅನುಮಾನ ನೀವು ಇಟ್ಕೊಳ್ಳಿ, ಅದನ್ನ ಆ ಹೆಂಗಸಿನ ತಲೆ ಮೇಲೆ ಯಾಕೆ ಹಾಕ್ತೀರಾ?"

"ನಿಜ ಆಗಿದ್ರೆ? ಅದನ್ನ ಕಳಿಸಿದ ಯಾರೋ ಒಬ್ಬರಿಗೆ ನಡೆದದ್ದು ಗೊತ್ತಿದೆ ಅಂತಾಗುತ್ತೆ."

ಅವರು ಬನ್ನನ್ನು ಕೆಳಗಿಟ್ಟರು. "ಆ ಯಾರೋ ಒಬ್ಬರಿಗೂ ಮುರಿಯೋಕೆ ಎರಡು ಕೈ ಇರುತ್ತೆ," ಎಂದರು.

ವಕೀಲೆ ಇನ್ನೂ ನೇರವಾಗಿದ್ದರು. 'ನನಗೆ ನೆನಪಿರುವಂತೆ' ಎಂದು ಸೇರಿಸಲೇ ಎಂದು ಕೇಳಿದೆ. ಆ ಒಂದು ಮಾತಿನ ಮೇಲೆ ಸರ್ಕಾರದ ವಕೀಲ ಇಡೀ ದಿನ ವಾದಿಸುತ್ತಾನೆ ಎಂದರು. ಹೇಳುವುದಾದರೆ ಗಟ್ಟಿಯಾಗಿ ಹೇಳಿ, ಇಲ್ಲವಾದರೆ ಪ್ರಮಾಣಪತ್ರವೇ ಬೇಡ. ಅದಿಲ್ಲದೆ ಅರ್ಜಿ ಉಳಿಯುವುದು ಕಷ್ಟ.

ನಾನು ಒಂದು ನಿರ್ಧಾರಕ್ಕೆ ಬಂದೆ. ಸಹಿ ಹಾಕುವ ಮೊದಲು ಅವನ ಹೆಂಡತಿಗೆ ಹೇಳುತ್ತೇನೆ, ಅವರು ಹೇಳಿದಂತೆ ಮಾಡುತ್ತೇನೆ. ವಕೀಲೆಗೆ ಇದು ಹಿಡಿಸಲಿಲ್ಲ. ಸಂಯೋಜಕಿ ಇದನ್ನು ಹೇಡಿತನ ಎಂದರು. ತೂಕವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದು ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೆಳಗಿನ ಹೊತ್ತು ಕರೆ ಮಾಡಿದೆವು. ಪರದೆಯಲ್ಲಿ ಹೆಂಡತಿ, ಪಕ್ಕದಲ್ಲಿ ಇಂಗ್ಲಿಷಿಗೆ ತಿರುಗಿಸುವ ಮುದುಕ, ಊರಿನ ಶಾಲೆಯ ನಿವೃತ್ತ ಮೇಷ್ಟರು. ಕೆಳಗೆ ಬೇಕರಿಯಲ್ಲಿ ತಟ್ಟೆ ಎಳೆಯುವ ಸದ್ದು. ಆಕೆ ಮೊದಲು ಕೇಳಿದ್ದು ಫ್ಲೆಕ್ಸಿನಲ್ಲಿ ಏನು ಬರೆದಿತ್ತು ಎಂದು. ಓದಿದೆ, ಅನುವಾದಿಸಿದೆ. ಜನ ಓದಿದರೇ ಎಂದರು. ಓದಿದರು ಎಂದೆ. ತಲೆಯಾಡಿಸಿದರು.

ಆಮೇಲೆ ಸಂದೇಶದ ವಿಷಯ ಹೇಳಿದೆ. ಕೇಳಿರಬಹುದು, ಕೇಳದೆಯೂ ಇರಬಹುದು, ನೆನಪಿನ ಒಂದು ಭಾಗ ಸುಳ್ಳೆಂದು ಗೊತ್ತಾಗಿದೆ, ಉಳಿದದ್ದು ಗೊತ್ತಿಲ್ಲ. ಮೇಷ್ಟರು ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡರು. ಆಕೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಧ್ವನಿ ಗಂಡಸಿನದೋ ಹೆಂಗಸಿನದೋ ಎಂದು ಕೇಳಿದರು.

"ಗೊತ್ತಿಲ್ಲ."

ವಯಸ್ಸು?

"ಗೊತ್ತಿಲ್ಲ."

ಆ ಧ್ವನಿ ನನ್ನ ಗಂಡನನ್ನು ಏನೆಂದು ಕರೆಯಿತು?

ನಾನು ಅವನ ಹೆಸರು ಹೇಳಿದೆ, ಕರಪತ್ರದಲ್ಲಿ, ಫ್ಲೆಕ್ಸಿನಲ್ಲಿ ನಾವು ಬರೆದ ಪೂರ್ತಿ ಹೆಸರು.

ಆಕೆ ಮೇಷ್ಟರ ಕಡೆ ತಿರುಗಿ ಬೇಗಬೇಗ ಮಾತಾಡಿದರು. ಮೇಷ್ಟರ ಮುಖ ಸಡಿಲವಾಯಿತು. ಆ ಹೆಸರು ಅರ್ಜಿಗಳಲ್ಲಿ ಮಾತ್ರ ಇರುವುದು ಎಂದು ಅವರು ತಿಳಿಸಿದರು. ಊರಿನಲ್ಲಿ ಚಿಕ್ಕವರಿಂದ ಮುದುಕರ ತನಕ, ಪೊಲೀಸರ ತನಕ, ಎಲ್ಲರೂ ಅವನನ್ನು ಕರೆಯುವುದು ಬೇರೆ ಹೆಸರಿನಿಂದ. ಶಾಲಾ ಬಸ್ಸಿನ ಮಕ್ಕಳು ಇಟ್ಟ ಹೆಸರು. ಅವನನ್ನು ನಿಜವಾಗಿ ಕಂಡ ಯಾರೂ ಆ ಉದ್ದ ಹೆಸರು ಎತ್ತುವುದಿಲ್ಲ. ಆದ್ದರಿಂದ ಅಂಥ ಸಂದೇಶ ಬಂದೇ ಇಲ್ಲ, ಅಥವಾ ಅದು ಬೆದರಿಸಲು ಕಂಪನಿ ಕಳಿಸಿದ್ದು. "ಸಹಿ ಹಾಕಿ ಎನ್ನುತ್ತಿದ್ದಾರೆ," ಎಂದರು ಮೇಷ್ಟರು.

ಆಕೆ ಆಗಲೇ ಅಳುತ್ತಿದ್ದರು. ಹಾರದ ಫೋಟೋ ಬಂದ ದಿನದಿಂದ ಆಕೆ ಅತ್ತಿರಲಿಲ್ಲ ಎಂದು ಮೇಷ್ಟರು ಸೇರಿಸಿದರು.

ನನಗೆ ಹೇಳಬೇಕಾದ ಒಂದು ಮಾತಿತ್ತು. ಆ ಮನುಷ್ಯನಿಗೆ ನಾನು ಇಟ್ಟುಕೊಂಡಿರುವ ಹೆಸರು ಒಂದೇ. ಆ ಧ್ವನಿ ಯಾವ ಹೆಸರಿನಿಂದ ಕರೆದಿದ್ದರೂ, ಬರೀ ಅವನು ಎಂದಿದ್ದರೂ, ನನ್ನ ನೆನಪು ಅದರ ಜಾಗದಲ್ಲಿ ನನಗೆ ಗೊತ್ತಿರುವುದನ್ನೇ ಕೂರಿಸುತ್ತದೆ. ಖಾಲಿ ಇದ್ದ ಕಿಟಕಿಯಲ್ಲಿ ಫ್ಲೆಕ್ಸ್ ಕೂರಿಸಿದ ಹಾಗೆ. ಆಕೆಯ ಪ್ರಶ್ನೆ ಒಳ್ಳೆಯದಿತ್ತು. ಕೇಳಿದ್ದು ತಪ್ಪು ಮನುಷ್ಯನನ್ನು.

ಇನ್ನೇನಾದರೂ ಹೇಳುವುದಿದೆಯೇ ಎಂದು ಮೇಷ್ಟರು ಕೇಳಿದರು. ಸಂಯೋಜಕಿ ನನ್ನನ್ನು ನೋಡುತ್ತಿದ್ದರು.

"ಇಲ್ಲ," ಎಂದೆ.

ಆ ಮಧ್ಯಾಹ್ನ ಆನೇಕಲ್ಲಿನ ನೋಟರಿಯ ಎದುರು ಸಹಿ ಹಾಕಿದೆ. ಯಾವ ರೂಪದಲ್ಲೂ ಮಾಹಿತಿ ಬಂದಿಲ್ಲ. ನೋಟರಿ, ಎಲ್ಲ ಓದಿ ತಿಳಿದುಕೊಂಡಿದ್ದೀರಾ ಎಂದು ವಾಡಿಕೆಯಂತೆ ಕೇಳಿ, ಉತ್ತರಕ್ಕೆ ಕಾಯದೆ ಮೊಹರು ಒತ್ತಿದರು.

ಅರ್ಜಿ ಉಳಿಯಿತು. ಕಾವಲು ಕಟ್ಟಡಗಳನ್ನು ಶೋಧಿಸಲು ಆದೇಶವೂ ಆಯಿತು. ಶೋಧಿಸಬೇಕಾದವರು ಜಿಲ್ಲಾ ಪೊಲೀಸರು, ಬೇಲಿಯೊಳಗೆ ಹೋಗಲು ಕಂಪನಿಯ ವಾಹನ ಬೇಕು. ವಾಹನ ಸಿಕ್ಕಿಲ್ಲ ಎಂದು ಎರಡು ಬಾರಿ ಸಮಯ ಕೇಳಿದ್ದಾರೆ. ಹೆಂಡತಿ ಪ್ರತಿ ವಿಚಾರಣೆಗೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಗಂಡ ಬದುಕಿದ್ದಾನೆ ಎನ್ನುವುದಕ್ಕೆ ನಿಮ್ಮಲ್ಲಿ ಏನಿದೆ ಎಂದು ಈಚೆಗೆ ನ್ಯಾಯಾಧೀಶರು ಕೇಳಿದರಂತೆ. ಆಕೆ ನನ್ನ ಹೆಸರು ಹೇಳಿದರಂತೆ.